ಕೀಲಿ ತಿರುಗಿಸುವ ಮುನ್ನ: ದೂರದ ಡ್ರೈವ್‌ಗೆ ಕಾರನ್ನೂ ನಿಮ್ಮನ್ನೂ ಅಣಿಗೊಳಿಸುವ ಬಗೆ

ದೂರದ ಪ್ರಯಾಣ ನಿಗದಿಯಾಯಿತೆಂದರೆ ಹೆಚ್ಚಿನವರು ಕಾರನ್ನು ಸರ್ವಿಸ್‌ಗೆ ಬಿಡುತ್ತಾರೆ, ಟ್ಯಾಂಕ್ ತುಂಬಿಸುತ್ತಾರೆ, ಅಲ್ಲಿಗೆ ತಯಾರಿ ಮುಗಿಯಿತು ಎಂದುಕೊಳ್ಳುತ್ತಾರೆ. ಕಾರು ಓಡಿಸುವ ಮನುಷ್ಯನ ತಪಾಸಣೆ ಮಾತ್ರ ಆಗುವುದೇ ಇಲ್ಲ. ರಾತ್ರಿ ಹನ್ನೆರಡರವರೆಗೆ ಬಟ್ಟೆಬರೆ ಜೋಡಿಸಿ, ನಾಲ್ಕಕ್ಕೆ ಎದ್ದು, ಐದಕ್ಕೆ ಸ್ಟೀರಿಂಗ್ ಹಿಡಿಯುವವರು ಎಷ್ಟೋ ಜನ. ಟೈರ್ ಹೊಸದಿರಬಹುದು, ಬ್ರೇಕ್ ಪ್ಯಾಡ್ ಹೊಸದಿರಬಹುದು. ಬ್ರೇಕ್ ತುಳಿಯಬೇಕಾದವರ ಕಣ್ಣೇ ಎಳೆಯುತ್ತಿದ್ದರೆ ಅವು ಯಾವ ಉಪಯೋಗಕ್ಕೂ ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. 5ರಿಂದ 29 ವರ್ಷ ವಯಸ್ಸಿನವರ ಸಾವಿಗೆ ಮೊದಲ ಕಾರಣ ಇದೇ. ರಸ್ತೆ ಹೇಗಿದೆ, ಎದುರಿನ ಲಾರಿಯವನು ಹೇಗೆ ಓಡಿಸುತ್ತಾನೆ ಎಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಕಾರು ನಿಂತಿರುವಾಗಲೇ ಮಾಡಿ ಮುಗಿಸಬಹುದಾದ ಕೆಲಸ ಬಹಳಷ್ಟಿದೆ. ಅದನ್ನು ಕಾರಿನ ಭಾಗಗಳ ಲೆಕ್ಕದಲ್ಲಿ ಹೇಳುವ ಬದಲು ದಿನಗಳ ಲೆಕ್ಕದಲ್ಲಿ ಹೇಳುತ್ತೇನೆ. ಯಾವುದನ್ನು ನೋಡಬೇಕು ಎಂಬುದು ಅನೇಕರಿಗೆ ಗೊತ್ತಿರುತ್ತದೆ, ಯಾವಾಗ ನೋಡಬೇಕು ಎಂಬಲ್ಲಿ ಎಡವುತ್ತಾರೆ. ಹೊರಡುವ ಬೆಳಿಗ್ಗೆ ಟೈರಿನಲ್ಲಿ ಉಬ್ಬು ಕಂಡರೆ ಮಾಡುವುದೇನು? ಮನೆಮಂದಿ ಆಗಲೇ ಒಳಗೆ ಕುಳಿತಿರುತ್ತಾರೆ. ‘ಇವತ್ತೊಂದು ದಿನ ಹೇಗೋ ನಡೆಯುತ್ತೆ’ ಎಂಬ ಮಾತು ಬರುವುದು ಆಗಲೇ.

ಒಂದು ವಾರ ಮುಂಚೆ: ಮೊದಲು ಟೈರ್

ಕಾರಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳು ನೆಲಕ್ಕೆ ತಾಗುವ, ಹೆಚ್ಚುಕಡಿಮೆ ಅಂಗೈಯಗಲದ ನಾಲ್ಕು ಜಾಗಗಳಲ್ಲಿದೆ. ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ತಿರುಗುವುದು, ಮಳೆಯಲ್ಲಿ ಜಾರದಿರುವುದು ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತದೆ. ಹಾಗಾಗಿ ಅರ್ಧ ಗಂಟೆ ಬಿಡುವಿದ್ದರೆ ಅಷ್ಟನ್ನೂ ಟೈರಿಗೇ ಕೊಡಿ ಎನ್ನುತ್ತೇನೆ.

ಹಗಲು ಬೆಳಕಿನಲ್ಲಿ, ಕಾರು ತಣ್ಣಗಿರುವಾಗ, ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ. ಮುಂದಿನ ಚಕ್ರಗಳಾದರೆ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಟೈರಿನ ಮುಖ ಚೆನ್ನಾಗಿ ಕಾಣುತ್ತದೆ. ನೆಲಕ್ಕೆ ತಾಗುವ ಪಟ್ಟಿಯ ಮೇಲೆ ಅಂಗೈಯನ್ನು ಹೊರ ಅಂಚಿನಿಂದ ಒಳ ಅಂಚಿಗೆ ನಿಧಾನವಾಗಿ ಸವರಿ. ತಂತಿ ಚೂರು ಕೈಗೆ ಚುಚ್ಚೀತು, ಹಾಗಾಗಿ ಮೊದಲು ಕಣ್ಣಾಡಿಸಿ, ಆಮೇಲೆ ಕೈ. ಸವೆತ ಒಂದೇ ಸಮನಾಗಿದ್ದರೆ ಒಳ್ಳೆಯದು. ನಡುವೆ ಮಾತ್ರ ಸವೆದಿದ್ದರೆ ಬಹುಕಾಲ ಗಾಳಿ ಹೆಚ್ಚಿಟ್ಟು ಓಡಿಸಿದ್ದೀರಿ ಎಂದರ್ಥ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇತ್ತು. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಗ್ಗು ದಿಣ್ಣೆಯಂತೆ ಕೈಗೆ ತಾಗಿದರೆ ಬ್ಯಾಲೆನ್ಸಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಕಡೆ ನೋಡಿಸಬೇಕು. ಟೈರ್ ಬದಲಾಯಿಸಿದರಷ್ಟೇ ಸಾಲದು, ಸವೆತದ ಕಾರಣ ಸರಿಹೋಗದಿದ್ದರೆ ಹೊಸ ಟೈರೂ ಹಾಗೇ ಸವೆಯುತ್ತದೆ.

ಟೈರಿನ ಮೈಮೇಲೆ ಅಚ್ಚೊತ್ತಿದ ಗೀರುಗಳ ಆಳದಲ್ಲಿ, ಅಡ್ಡಲಾಗಿ, ಸಣ್ಣ ರಬ್ಬರ್ ದಿಬ್ಬಗಳಿರುತ್ತವೆ. ಸವೆತದ ಗುರುತು ಅವು. ಟೈರಿನ ಮೇಲ್ಮೈ ಆ ದಿಬ್ಬದ ಮಟ್ಟಕ್ಕೆ ಬಂದಿದೆಯೆಂದರೆ ಗೀರಿನ ಆಳ ಸುಮಾರು 1.6 ಮಿಲಿಮೀಟರಿಗೆ ಇಳಿದಿದೆ, ಆ ಟೈರಿನ ಆಯಸ್ಸು ಮುಗಿದಿದೆ. ಮಳೆಯಲ್ಲಿ ಹೋಗುವವರು ಅಲ್ಲಿಯವರೆಗೂ ಕಾಯಬಾರದು. ಗೀರುಗಳ ಕೆಲಸವೇ ಚಕ್ರದಡಿಯ ನೀರನ್ನು ಹೊರಹಾಕುವುದು. ಆಳ ಕಡಿಮೆಯಾದಷ್ಟೂ ನೀರು ಅಡಿಯಲ್ಲೇ ಉಳಿದು, ವೇಗ ಹೆಚ್ಚಿದಾಗ ಟೈರ್ ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಆ ಹೊತ್ತಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ.

ಇನ್ನು ಪಕ್ಕದ ಗೋಡೆ. ಎಲ್ಲಾದರೂ ಉಬ್ಬು ಕಂಡರೆ ಒಳಗಿನ ದಾರದ ಪದರ ಹರಿದಿದೆ, ಅದು ಯಾವ ಕ್ಷಣದಲ್ಲಾದರೂ ಸಿಡಿಯಬಹುದು. ಅದಕ್ಕೆ ರಿಪೇರಿ ಇಲ್ಲ, ಬದಲಾಯಿಸಲೇಬೇಕು. ಅದೇ ಗೋಡೆಯ ಮೇಲೆ ‘ಡಾಟ್’ (DOT) ಎಂಬ ಗುರುತಿನ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರ್ ಎಂದು ಓದಬೇಕು. ಕಡಿಮೆ ಓಡಿದ ಕಾರಿನ ಟೈರ್ ನೋಡಲು ಹೊಸದರಂತೆಯೇ ಇರುತ್ತದೆ, ರಬ್ಬರ್ ಮಾತ್ರ ವಯಸ್ಸಾಗಿ ಗಟ್ಟಿಯಾಗಿರುತ್ತದೆ. ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡರೆ ಗೀರು ಎಷ್ಟೇ ಆಳವಿದ್ದರೂ ಬಲ್ಲವರಿಗೆ ತೋರಿಸಿ.

ಗಾಳಿಯ ವಿಷಯದಲ್ಲಿ ತಪ್ಪು ತಿಳಿವಳಿಕೆಯೇ ಜಾಸ್ತಿ. ಟೈರಿನ ಮೇಲೆ ಅಚ್ಚಾಗಿರುವ ಪಿಎಸ್‌ಐ ಸಂಖ್ಯೆ ಆ ಟೈರ್ ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದು ಅದಲ್ಲ. ಬೇಕಾದದ್ದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಚೀಟಿಯಲ್ಲಿ, ಇಲ್ಲವೇ ಇಂಧನದ ಮುಚ್ಚಳದ ಒಳಭಾಗದಲ್ಲಿ ಇರುತ್ತದೆ. ಅದರಲ್ಲಿ ಒಂದಿಬ್ಬರು ಕುಳಿತಾಗ ಎಷ್ಟು, ತುಂಬಿದ ಕಾರಿಗೆ ಎಷ್ಟು ಎಂದು ಬೇರೆಬೇರೆ ಬರೆದಿರುವುದುಂಟು. ಕುಟುಂಬ ಸಮೇತ ಲಗೇಜು ಹಾಕಿಕೊಂಡು ಹೊರಡುವವರು ಎರಡನೆಯದನ್ನು ಅನುಸರಿಸಬೇಕು. ಗಾಳಿ ನೋಡಬೇಕಾದದ್ದು ಟೈರ್ ತಣ್ಣಗಿರುವಾಗ, ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಓಡಿ ಬಂದ ಟೈರಿನೊಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ, ಒತ್ತಡ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಗಾಳಿ ಇಳಿಸಿದರೆ ತಣಿದ ಮೇಲೆ ಕಡಿಮೆ ಬೀಳುತ್ತದೆ.

‘ಬಿಸಿಲಿದೆ, ದೂರ ಹೋಗ್ತಾ ಇದೀವಿ, ಎರಡು ಪಾಯಿಂಟ್ ಕಡಿಮೆ ಇರಲಿ’ ಎನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ, ಆ ಮಡಿಕೆಯಿಂದಲೇ ಬಿಸಿ ಏರುತ್ತದೆ. ವೇಗದ ಹೆದ್ದಾರಿಯಲ್ಲಿ ಟೈರ್ ಸಿಡಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಸ್ಟೆಪ್ನಿಯನ್ನೂ ಹೊರತೆಗೆದು ಗಾಳಿ ನೋಡಿಸಿ. ವರ್ಷಗಟ್ಟಲೆ ಡಿಕ್ಕಿಯಲ್ಲಿ ಮಲಗಿದ್ದು ಬೇಕಾದ ದಿನ ಚಪ್ಪಟೆಯಾಗಿರುವುದು ಸಾಮಾನ್ಯ. ಅದು ಸಣ್ಣ ಗಾತ್ರದ ತಾತ್ಕಾಲಿಕ ಚಕ್ರವಾಗಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಹೆಚ್ಚಿನವುಗಳಲ್ಲಿ ಗಂಟೆಗೆ 80 ಕಿಲೋಮೀಟರ್. ಹತ್ತಿರದ ಪಂಕ್ಚರ್ ಅಂಗಡಿ ಮುಟ್ಟುವುದಕ್ಕಷ್ಟೇ ಅದು.

ಬಾನೆಟ್ ಎತ್ತಿ

ಇಲ್ಲಿ ಹತ್ತು ನಿಮಿಷ ಸಾಕು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಎಣ್ಣೆ ಕೆಳಗಿಳಿಯಲು ಐದು ಹತ್ತು ನಿಮಿಷ ಬಿಡಿ. ಎಣ್ಣೆ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೆದು ನೋಡಿ. ಎಣ್ಣೆಯ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿಸಿ ಸುರಿಯುವುದೂ ಎಂಜಿನ್ನಿಗೆ ಒಳ್ಳೆಯದಲ್ಲ. ಎಣ್ಣೆ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೇರಿರಬಹುದು, ಆ ಕಾರನ್ನು ದೂರ ಒಯ್ಯಬೇಡಿ.

ಕೂಲಂಟ್ ಮಟ್ಟವನ್ನು ಪಾರದರ್ಶಕ ಡಬ್ಬಿಯ ಹೊರಗಿನಿಂದಲೇ ನೋಡಬಹುದು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒಳಗೆ ಒತ್ತಡದಲ್ಲಿರುವ, ನೂರು ಡಿಗ್ರಿಗೂ ಮೇಲೆ ಕಾದಿರಬಹುದಾದ ದ್ರವ ಮುಚ್ಚಳ ಸಡಿಲಿಸಿದ ತಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಸ್ವಚ್ಛಗೊಳಿಸಿ. ಬ್ಯಾಟರಿಗೆ ಮೂರ್ನಾಲ್ಕು ವರ್ಷ ಆಗಿದ್ದು, ಬೆಳಗಿನ ಸ್ಟಾರ್ಟ್ ಎಳೆದಾಡುತ್ತಿದ್ದರೆ ಈಗಲೇ ಪರೀಕ್ಷೆ ಮಾಡಿಸಿ. ಎಲೆಕ್ಟ್ರಿಕ್ ಕಾರಿನವರಿಗೂ ಈ ಮಾತು ಅನ್ವಯಿಸುತ್ತದೆ, ಅದರಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕದೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬ್ರೇಕಿನ ಮಾತು ಕೇಳಿಸಿಕೊಳ್ಳಿ

ಬ್ರೇಕ್ ಕೆಡುವ ಮೊದಲು ಬಹುಪಾಲು ಸೂಚನೆ ಕೊಡುತ್ತದೆ. ತುಳಿದಾಗಲೆಲ್ಲ ಕಿರ್ರ್ ಎಂಬ ಸದ್ದು ಬಂದರೆ ಪ್ಯಾಡ್ ಸವೆದು ಅದರಲ್ಲಿರುವ ಎಚ್ಚರಿಕೆಯ ಲೋಹದ ಪಟ್ಟಿ ಡಿಸ್ಕಿಗೆ ತಾಗುತ್ತಿರಬಹುದು. ಗರಗರ ಎಂದು ಉಜ್ಜಿದ ಸದ್ದಾದರೆ ಪ್ಯಾಡ್ ಪೂರ್ತಿ ಮುಗಿದಿದೆ. ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುವುದು, ಸ್ಟೀರಿಂಗ್ ನಡುಗುವುದು ಎರಡೂ ಗ್ಯಾರೇಜಿಗೆ ಕರೆಯುವ ಲಕ್ಷಣಗಳು.

ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಾಗೇ ಹಿಡಿಯಿರಿ. ಪಾದದಡಿ ಪೆಡಲ್ ಒಂದೆಡೆ ಗಟ್ಟಿಯಾಗಿ ನಿಲ್ಲಬೇಕು. ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ. ಸ್ಪಂಜು ಒತ್ತಿದ ಹಾಗೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ತುಳಿದಾಗ ಆ ದ್ರವ ಕುದಿದು ಆವಿಯ ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೆಚ್ಚಿನ ತಯಾರಕರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಲು ಹೇಳುವುದು ಇದಕ್ಕೇ. ಬೆಟ್ಟದ ರಸ್ತೆಗೆ ಹೋಗುವವರು ಕೊನೆಯ ಬಾರಿ ಯಾವಾಗ ಬದಲಾಯಿಸಿದ್ದು ಎಂದು ಸರ್ವಿಸ್ ಪುಸ್ತಕ ತೆರೆದು ನೋಡಿ.

ಕಾಣುವುದು, ಕಾಣಿಸಿಕೊಳ್ಳುವುದು

ಸಂಜೆಗತ್ತಲಲ್ಲಿ ಕಾರನ್ನು ಗೋಡೆಯೊಂದರ ಮುಂದೆ ನಿಲ್ಲಿಸಿ ಲೈಟುಗಳನ್ನೆಲ್ಲ ಒಂದೊಂದಾಗಿ ಹಾಕಿ. ಹಿಂಬದಿಯ ಬ್ರೇಕ್ ಲೈಟ್ ನೋಡಲು ಯಾರೂ ಜೊತೆಗಿಲ್ಲದಿದ್ದರೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಪೆಡಲ್ ಒತ್ತಿ, ಗೋಡೆಯ ಮೇಲಿನ ಕೆಂಪು ಹೊಳಪು ಕನ್ನಡಿಯಲ್ಲಿ ಕಾಣುತ್ತದೆ. ಡಿಕ್ಕಿ ತುಂಬ ಸಾಮಾನು ಹೇರಿದಾಗ ಹಿಂಭಾಗ ತಗ್ಗಿ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆಂದೇ ಹಲವು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗಿನ ಗುರುತಿನ ಚಿಕ್ಕ ಚಕ್ರ ಇರುತ್ತದೆ. ತುಂಬಿದ ಕಾರಿಗೆ ಸಂಖ್ಯೆ ಹೆಚ್ಚಿಸಿದರೆ ಬೆಳಕು ಕೆಳಗಿಳಿಯುತ್ತದೆ.

ಮುಂದಿನ ಗಾಜನ್ನು ಹೊರಗಿನಿಂದ ತೊಳೆಯುವವರು ಒಳಗಿನಿಂದ ಒರೆಸುವುದಿಲ್ಲ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಡುವ ಆವಿ ಗಾಜಿನ ಒಳಮೈಗೆ ತೆಳುವಾಗಿ ಅಂಟಿಕೊಂಡಿರುತ್ತದೆ. ಹಗಲು ಅದು ಕಾಣುವುದಿಲ್ಲ, ರಾತ್ರಿ ಎದುರಿನ ದೀಪ ಬಿದ್ದಾಗ ಗಾಜೆಲ್ಲ ಮಬ್ಬಾಗುತ್ತದೆ. ವೈಪರ್ ಒಮ್ಮೆ ಆಡಿಸಿ, ಗೆರೆ ಬಿಟ್ಟರೆ ರಬ್ಬರ್ ಬದಲಾಯಿಸಿ.

ಎರಡು ರಾತ್ರಿ ಮುಂಚೆ: ಈಗ ನಿಮ್ಮ ಸರದಿ

ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಅತಿ ಮುಖ್ಯವಾದದ್ದು ಇದು, ಅತಿ ಹೆಚ್ಚು ಕಡೆಗಣಿಸಲಾಗುವುದೂ ಇದೇ. 17ರಿಂದ 19 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರಿಗಿಂತ ಚುರುಕಾಗೇನೂ ಇರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ಅನೇಕ ದೇಶಗಳಲ್ಲಿ ಆ ಪ್ರಮಾಣ ದಾಟಿ ಗಾಡಿ ಓಡಿಸುವುದು ಅಪರಾಧ. ಕುಡಿದು ಓಡಿಸಬಾರದೆಂದು ಖಂಡಿತವಾಗಿ ನಂಬುವವರೇ ನಿದ್ದೆಗೆಟ್ಟು ಓಡಿಸಲು ಹಿಂಜರಿಯುವುದಿಲ್ಲ. ಕೆಲವರು ಅದನ್ನು ಗಟ್ಟಿತನವೆಂದೂ ಹೇಳಿಕೊಳ್ಳುತ್ತಾರೆ.

ನಿದ್ದೆಗೆಟ್ಟ ಮಿದುಳು ಅನುಮತಿ ಕೇಳದೆ ಕೆಲವು ಸೆಕೆಂಡು ಮುಚ್ಚಿಕೊಳ್ಳುತ್ತದೆ. ಕಣ್ಣು ತೆರೆದೇ ಇರಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅಂಥ ನಾಲ್ಕು ಸೆಕೆಂಡು ಎಂದರೆ 110 ಮೀಟರಿಗೂ ಹೆಚ್ಚು ದೂರ ಕಾರು ಯಾರ ಹಿಡಿತವೂ ಇಲ್ಲದೆ ಓಡಿರುತ್ತದೆ. ದೇಹದ ಗಡಿಯಾರ ನಮ್ಮನ್ನು ಮಲಗಿಸಲು ನೋಡುವುದು ನಡುರಾತ್ರಿ ಕಳೆದು ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರ ಸುತ್ತ. ‘ಟ್ರಾಫಿಕ್ ಇರಲ್ಲ, ಬೆಳಗಿನ ಜಾವ ಮೂರಕ್ಕೇ ಹೊರಡೋಣ’ ಎಂಬ ಯೋಜನೆ ಹಾಕುವಾಗ ಇದು ನೆನಪಿರಲಿ. ಹೊರಡಲೇಬೇಕೆಂದರೆ ಹಿಂದಿನ ರಾತ್ರಿ ಒಂಬತ್ತರೊಳಗೆ ಓಡಿಸುವವರು ಮಲಗಿರಬೇಕು, ಲಗೇಜು ಜೋಡಿಸುವ ಕೆಲಸ ಬೇರೆಯವರದ್ದು. ಒಂದು ರಾತ್ರಿಯ ನಿದ್ದೆಯಿಂದ ವಾರದ ಕೊರತೆ ತುಂಬುವುದಿಲ್ಲ, ಆದ್ದರಿಂದಲೇ ಎರಡು ರಾತ್ರಿ ಮುಂಚಿನಿಂದ ಎಂದದ್ದು.

ಮಾತ್ರೆಗಳನ್ನೂ ನೋಡಿಕೊಳ್ಳಿ. ನೆಗಡಿಗೆ, ಅಲರ್ಜಿಗೆ ತೆಗೆದುಕೊಳ್ಳುವ ಹಳೆಯ ಬಗೆಯ ಔಷಧಗಳು, ಉದಾಹರಣೆಗೆ ಕ್ಲೋರ್‌ಫೆನಿರಮಿನ್, ಮಂಪರು ತರುತ್ತವೆ. ಕೆಲವು ಕೆಮ್ಮಿನ ಸಿರಪ್, ನೋವಿನ ಮಾತ್ರೆ, ನಿದ್ದೆ ಮಾತ್ರೆಗಳೂ ಅಷ್ಟೇ, ರಾತ್ರಿ ನುಂಗಿದ್ದು ಬೆಳಿಗ್ಗೆಯೂ ಕೆಲಸ ಮಾಡುತ್ತಿರಬಹುದು. ನಿಮ್ಮ ಮಾತ್ರೆ ಈ ಜಾತಿಯದೇ ಎಂದು ವೈದ್ಯರನ್ನೋ ಔಷಧ ಅಂಗಡಿಯವರನ್ನೋ ಕೇಳಿ. ನಿತ್ಯದ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಗೆ ಬೇರೆಯವರು ಓಡಿಸಲಿ. ಹಿಂದಿನ ರಾತ್ರಿಯ ಮದ್ಯವೂ ಹೀಗೆಯೇ. ಯಕೃತ್ತು ಅದನ್ನು ತನ್ನದೇ ನಿಧಾನಗತಿಯಲ್ಲಿ ಕರಗಿಸುತ್ತದೆ. ಕಾಫಿ, ತಣ್ಣೀರಿನ ಸ್ನಾನ, ಮಜ್ಜಿಗೆ ಯಾವುದೂ ಅದನ್ನು ಅವಸರಿಸಲಾರದು.

ಕಣ್ಣು ಪರೀಕ್ಷಿಸಿಕೊಂಡು ವರ್ಷಗಳಾಗಿದ್ದರೆ, ರಾತ್ರಿ ಎದುರಿನ ದೀಪಗಳ ಸುತ್ತ ಬಳೆ ಕಾಣುತ್ತಿದ್ದರೆ, ಪ್ರಯಾಣಕ್ಕೆ ಮುಂಚೆಯೇ ತೋರಿಸಿಕೊಳ್ಳಿ. ಮನಸ್ಸಿನ ಸ್ಥಿತಿಗೂ ಇದೇ ಮಾತು. ಜಗಳ ಮುಗಿಸಿಕೊಂಡು, ಕೆಟ್ಟ ಸುದ್ದಿ ಕೇಳಿದ ಕೈಯಲ್ಲೇ ಸ್ಟೀರಿಂಗ್ ಹಿಡಿಯಬಾರದು. ಅರ್ಧ ಗಂಟೆ ತಡವಾದರೆ ಆಗಲಿ.

ಹಿಂದಿನ ಸಂಜೆ: ಲಗೇಜು, ಡಿಕ್ಕಿ, ದಾರಿ

ಭಾರದ ಚೀಲಗಳು ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ತಾಗಿಕೊಂಡಿರಲಿ. ಹಿಂದಿನ ಗಾಜಿನ ಬಳಿಯ ಹಲಗೆಯ ಮೇಲೆ ಏನನ್ನೂ ಇಡಬೇಡಿ. ಕಾರು ಗಕ್ಕನೆ ನಿಂತಾಗ ಸಡಿಲವಾಗಿರುವ ಪ್ರತಿ ವಸ್ತುವೂ ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ, ಕುಳಿತವರ ತಲೆ ಅದರ ದಾರಿಯಲ್ಲಿರುತ್ತದೆ. ಮಾಡಿನ ಮೇಲೆ ಕಟ್ಟಿದ ಭಾರ ಕಾರಿನ ತೂಕವನ್ನು ಮೇಲಕ್ಕೆತ್ತುತ್ತದೆ, ತಿರುವಿನಲ್ಲಿ ಅದು ವಾಲುವ ರೀತಿಯೇ ಬದಲಾಗುತ್ತದೆ. ಕಟ್ಟಲೇಬೇಕಿದ್ದರೆ ಹಗುರವಾದದ್ದನ್ನು ಕಟ್ಟಿ.

ಡಿಕ್ಕಿಯಲ್ಲಿ ಜಾಕ್, ವೀಲ್ ಸ್ಪ್ಯಾನರ್, ಎಳೆಯುವ ಹಗ್ಗ ಅಥವಾ ಕೊಂಡಿ, ಪ್ರತಿಫಲಿಸುವ ತ್ರಿಕೋನ, ಟಾರ್ಚ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು ಇರಲಿ. ಅಲಾಯ್ ಚಕ್ರಗಳಿಗೆ ಕಳ್ಳತನ ತಡೆಯುವ ನಟ್ಟು ಹಾಕಿಸಿದ್ದರೆ ಅದರ ವಿಶೇಷ ಕೀಲಿ ಎಲ್ಲಿದೆ ಎಂದು ಈಗಲೇ ಹುಡುಕಿ. ಅದಿಲ್ಲದೆ ಸ್ಟೆಪ್ನಿ ಇದ್ದೂ ಪ್ರಯೋಜನವಿಲ್ಲ. ಚಕ್ರ ಬದಲಾಯಿಸುವುದನ್ನು ಮನೆಯ ಮುಂದೆ ಒಮ್ಮೆ ಮಾಡಿ ನೋಡಿ. ನಟ್ಟುಗಳನ್ನು ಜಾಕ್ ಏರಿಸುವ ಮೊದಲೇ ಅರ್ಧ ಸುತ್ತು ಸಡಿಲಿಸಬೇಕು, ಜಾಕನ್ನು ಕಾರಿನ ಪುಸ್ತಕ ತೋರಿಸಿದ ಜಾಗಕ್ಕೇ ಕೊಡಬೇಕು, ಎತ್ತಿ ನಿಲ್ಲಿಸಿದ ಕಾರಿನಡಿ ಕೈಕಾಲು ಚಾಚಬಾರದು. ಹೆದ್ದಾರಿಯ ಕತ್ತಲಲ್ಲಿ ಇದನ್ನು ಮೊದಲ ಸಲ ಕಲಿಯುವ ಸಂದರ್ಭ ಯಾರಿಗೂ ಬರಬಾರದು.

ದಾರಿಯನ್ನು ಮ್ಯಾಪಿನಲ್ಲಿ ಪೂರ್ತಿ ನೋಡಿ, ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿ. ಮ್ಯಾಪ್ ತೋರಿಸುವ ಹೊತ್ತಿಗೆ ವಿಶ್ರಾಂತಿಯ ಸಮಯ ಸೇರಿರುವುದಿಲ್ಲ. ಅದನ್ನು ಸೇರಿಸಿಕೊಂಡೇ ತಲುಪುವ ಗಂಟೆಯನ್ನು ಕಾಯುವವರಿಗೆ ತಿಳಿಸಿ. ಎಂಟಕ್ಕೆ ಬರುತ್ತೇವೆ ಎಂದು ಹೇಳಿಬಿಟ್ಟ ಒಂದು ಮಾತು ಕೊನೆಯ ಐವತ್ತು ಕಿಲೋಮೀಟರಿನಲ್ಲಿ ಎಷ್ಟೋ ಜನರ ಕಾಲನ್ನು ಆಕ್ಸಿಲರೇಟರ್ ಮೇಲೆ ಒತ್ತಿಸುತ್ತದೆ.

ಹೊರಡುವಾಗ: ಸೀಟಿನಲ್ಲಿ ಕುಳಿತು

ಸ್ಟಾರ್ಟ್ ಮಾಡುವ ಮೊದಲು ಪಾದದ ಬಳಿ ನೋಡಿ. ಚಾಲಕನ ಕಾಲಡಿಯ ಮ್ಯಾಟ್ ಕೊಕ್ಕೆಗೆ ಸಿಕ್ಕಿಸಿದೆಯೇ? ಒಂದರ ಮೇಲೊಂದು ಮ್ಯಾಟ್ ಹಾಕಿದ್ದರೆ ಮೇಲಿನದನ್ನು ತೆಗೆಯಿರಿ, ಜರುಗಿ ಬಂದು ಆಕ್ಸಿಲರೇಟರನ್ನು ಹಿಡಿದಿಟ್ಟುಬಿಡಬಹುದು. ಸೀಟಿನಡಿ ಉರುಳುವ ನೀರಿನ ಬಾಟಲಿ ಇನ್ನೂ ಅಪಾಯದ್ದು. ಮುಂದಿನ ವಾಹನ ನಿಂತಿತೆಂದು ನೀವು ಬ್ರೇಕ್ ಮುಟ್ಟುತ್ತಿದ್ದಂತೆ ಅದು ಮುಂದಕ್ಕುರುಳಿ ಪೆಡಲಿನಡಿ ಸೇರುತ್ತದೆ, ಪೆಡಲ್ ಅರ್ಧಕ್ಕೇ ನಿಲ್ಲುತ್ತದೆ. ಬಾಟಲಿಯ ಜಾಗ ಬಾಗಿಲಿನ ಗೂಡು. ಹಿಮ್ಮಡಿಗೆ ಪಟ್ಟಿಯಿಲ್ಲದ ಚಪ್ಪಲಿಯೂ ಬೇಡ.

ಇನ್ನು ಸೀಟು. ಸೊಂಟವನ್ನು ಸೀಟಿನ ಮೂಲೆಗೆ ಒತ್ತಿ ಕುಳಿತು, ಕ್ಲಚ್ಚನ್ನು ಪೂರ್ತಿ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಆಟೋಮ್ಯಾಟಿಕ್ ಆದರೆ ಬ್ರೇಕ್ ಒತ್ತಿ ನೋಡಿ. ಬಳಿಕ ಬೆನ್ನು ಸೀಟಿಗಂಟಿಸಿ ಕೈ ನೀಡಿ, ಮಣಿಕಟ್ಟು ಸ್ಟೀರಿಂಗಿನ ತುದಿಯ ಮೇಲೆ ಕೂರಬೇಕು. ಬೆರಳಷ್ಟೇ ತಾಗಿದರೆ ಸೀಟಿನ ಬೆನ್ನು ತೀರ ಹಿಂದಿದೆ. ಎದೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು. ಏರ್‌ಬ್ಯಾಗ್ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಸಮಯದಲ್ಲಿ ಸಿಡಿದು ಹಿಗ್ಗುತ್ತದೆ, ತೀರ ಹತ್ತಿರವಿದ್ದವರಿಗೆ ಅದೇ ಪೆಟ್ಟು ಕೊಡುತ್ತದೆ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ. ತಲೆಯಾನಿಸುವ ದಿಂಬಿನ ಮೇಲಂಚು ತಲೆಯ ನೆತ್ತಿಯ ಮಟ್ಟಕ್ಕೆ ಬರಬೇಕು. ಅದು ಕುತ್ತಿಗೆಯ ಮಟ್ಟದಲ್ಲಿದ್ದರೆ ಹಿಂದಿನಿಂದ ಗುದ್ದಿದಾಗ ತಲೆ ಅದರ ಮೇಲೆ ಹಿಂದಕ್ಕೆ ಬಾಗಿ ಕತ್ತಿಗೆ ಏಟಾಗುತ್ತದೆ.

ಎಲ್ಲರ ಬೆಲ್ಟ್ ಹಾಕಿಸದೆ ಕಾರು ಕದಲಬಾರದು, ಹಿಂದಿನ ಸೀಟಿನವರದ್ದೂ ಸೇರಿ. 1959ರಲ್ಲಿ ವೋಲ್ವೋದ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟ್ ಅಪಘಾತದ ಹೊಡೆತವನ್ನು ಸೊಂಟದ ಮೂಳೆ, ಎದೆಗೂಡು, ಭುಜಗಳಿಗೆ ಹಂಚುತ್ತದೆ. ಹಾಗಾಗಿ ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬಾರದೆ ಸೊಂಟದ ಮೂಳೆಯ ಮೇಲೆ ಕೂರಬೇಕು, ಮೇಲಿನದು ಕುತ್ತಿಗೆ ಉಜ್ಜದೆ ಭುಜದ ನಡುವೆ ಹಾಯಬೇಕು. ಗರ್ಭಿಣಿಯರು ಕೆಳಪಟ್ಟಿಯನ್ನು ಹೊಟ್ಟೆಯ ಕೆಳಗೆ, ಮೇಲ್ಪಟ್ಟಿಯನ್ನು ಸ್ತನಗಳ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ಬರುವಂತೆ ಹಾಕಿಕೊಳ್ಳಬೇಕು. ಬೆಲ್ಟ್ ಹಾಕದ ಹಿಂದಿನವರು ಅಪಘಾತದಲ್ಲಿ ಮುಂದಿನ ಸೀಟಿಗೆ ಅಪ್ಪಳಿಸಿ ಮುಂದೆ ಕುಳಿತವರ ಪ್ರಾಣಕ್ಕೂ ಕುತ್ತು ತರುತ್ತಾರೆ.

ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ಪ್ರೀತಿಯಿಂದಲೇ, ಆದರೆ ಅಪಘಾತದ ಹೊಡೆತದ ಮುಂದೆ ಯಾವ ತಾಯಿಯ ತೋಳೂ ನಿಲ್ಲಲಾರದು. ಮಗುವಿಗೆ ಅದರ ತೂಕ, ಎತ್ತರಕ್ಕೆ ಹೊಂದುವ ಸೀಟು ಬೇಕು, ಅದೂ ಹಿಂದಿನ ಸೀಟಿನಲ್ಲಿ. ಚಿಕ್ಕ ಮಕ್ಕಳು ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರುವುದು ಹೆಚ್ಚು ಸುರಕ್ಷಿತ. ಅಂಥ ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದೂ ಇಡಬಾರದು.

ಕನ್ನಡಿಗಳನ್ನು ಸೀಟು ಸರಿಮಾಡಿದ ಮೇಲಷ್ಟೇ ಹೊಂದಿಸಬೇಕು. ಪಕ್ಕದ ಕನ್ನಡಿಯಲ್ಲಿ ನಿಮ್ಮದೇ ಕಾರಿನ ಬದಿ ತೆಳುವಾಗಿ ಕಂಡರೆ ಸಾಕು. ಎಷ್ಟು ಹೊಂದಿಸಿದರೂ ಕಾಣದ ಮೂಲೆಯೊಂದು ಉಳಿಯುತ್ತದೆ, ಲೇನ್ ಬದಲಾಯಿಸುವ ಮುನ್ನ ಭುಜದ ಮೇಲಿಂದ ಒಂದು ನೋಟ ಹಾಯಿಸಿ. ಮ್ಯಾಪ್ ಹಾಕುವುದು, ಹಾಡು ಆರಿಸುವುದು ಎಲ್ಲ ಈಗಲೇ ಮುಗಿಯಲಿ. ಫೋನ್ ಕೈಯಲ್ಲಿ ಇಲ್ಲದಿದ್ದರೂ ಮಾತು ಗಮನವನ್ನು ಎಳೆಯುತ್ತದೆ, ಕರೆಗಳನ್ನು ಪಕ್ಕದವರು ತೆಗೆದುಕೊಳ್ಳಲಿ.

ಸ್ಟಾರ್ಟ್ ಆದ ಮೇಲೆ ಮೀಟರಿನ ಎಚ್ಚರಿಕೆ ದೀಪಗಳು ಒಮ್ಮೆ ಹೊತ್ತಿ ಆರಬೇಕು. ಹಳದಿ ಉಳಿದರೆ ಬೇಗ ತೋರಿಸಬೇಕಾದ ದೋಷ. ಓಡುವಾಗ ಕೆಂಪು ದೀಪ ಹೊತ್ತಿದರೆ, ಮುಖ್ಯವಾಗಿ ಎಣ್ಣೆಯ ಹೂಜಿಯ ಚಿತ್ರದ್ದೋ ಉಷ್ಣಾಂಶದ್ದೋ ಆದರೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆರಿಸಿ. ಮೊದಲ ನೂರು ಮೀಟರಿನಲ್ಲಿ, ಹಿಂದೆ ಯಾರೂ ಇಲ್ಲದಾಗ, ಬ್ರೇಕನ್ನು ಒಮ್ಮೆ ಹದವಾಗಿ ಒತ್ತಿ ನೋಡಿ.

ದಾರಿಯಲ್ಲಿ

ಮುಂದಿನ ವಾಹನ ಒಂದು ಕಂಬವನ್ನು ದಾಟಿದ ಮೇಲೆ ನೀವು ಅದನ್ನು ತಲುಪಲು ಮೂರು ಸೆಕೆಂಡಾದರೂ ಬೇಕು, ಮಳೆಯಲ್ಲಿ ಅದಕ್ಕೂ ಹೆಚ್ಚು. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಕಾರು ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ತುರ್ತಾಗಿ ನಿಲ್ಲಿಸಬೇಕಾದಾಗ ಪೆಡಲನ್ನು ಬಲವಾಗಿ ಒತ್ತಿ ಹಿಡಿಯಿರಿ, ಅದು ಪಾದದಡಿ ಗಡಗಡ ಅದುರಿದರೆ ಹೆದರಿ ಬಿಡಬೇಡಿ, ಅದು ಅದರ ಕೆಲಸ. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ. ಟೈರ್ ಸಿಡಿದರೆ ಸ್ಟೀರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ಬ್ರೇಕ್ ಜೋರಾಗಿ ತುಳಿಯದೆ, ವೇಗ ತಾನಾಗಿ ಇಳಿದ ಮೇಲೆ ಪಕ್ಕಕ್ಕೆ ಬನ್ನಿ.

ಎರಡು ಗಂಟೆಗೊಮ್ಮೆ ಇಳಿದು ನಡೆದಾಡಿ. ಆಕಳಿಕೆ ನಿಲ್ಲದಿದ್ದರೆ, ದಾಟಿ ಬಂದ ಕೆಲವು ಕಿಲೋಮೀಟರ್ ನೆನಪೇ ಇಲ್ಲದಿದ್ದರೆ, ಗೆರೆಯ ಮೇಲೆ ಚಕ್ರ ಹೋಗುತ್ತಿದ್ದರೆ ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಪರಿಹಾರವಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಫಿ ಕುಡಿದು ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಶುರುಮಾಡಲು ಸುಮಾರು ಅಷ್ಟೇ ಹೊತ್ತು ಬೇಕು, ಏಳುವಾಗ ಎರಡರ ಲಾಭವೂ ಸಿಗುತ್ತದೆ. ಅದರ ಪ್ರಭಾವ ಅಲ್ಪಕಾಲದ್ದು, ಮುಂದಿನ ದಾರಿ ಉದ್ದವಿದ್ದರೆ ರಾತ್ರಿ ಅಲ್ಲೇ ಎಲ್ಲಾದರೂ ಉಳಿಯಿರಿ. ಎಸಿಯನ್ನು ಗಂಟೆಗಟ್ಟಲೆ ಒಳಗಾಳಿಯಲ್ಲೇ ತಿರುಗಿಸುತ್ತಿದ್ದರೆ ಕುಳಿತವರ ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಮಂಕು ಕವಿಯುತ್ತದೆ, ಆಗಾಗ ಹೊರಗಾಳಿ ಬಿಡಿ.

ಕಾರು ಕೆಟ್ಟು ನಿಂತರೆ ರಸ್ತೆಯಿಂದ ಆದಷ್ಟು ಆಚೆ ತನ್ನಿ, ಹಜಾರ್ಡ್ ಲೈಟ್ ಹಾಕಿ, ವಾಹನಗಳು ಬಾರದ ಬದಿಯ ಬಾಗಿಲಿನಿಂದ ಎಲ್ಲರನ್ನೂ ಇಳಿಸಿ, ತಡೆಬೇಲಿ ಇದ್ದರೆ ಅದರಾಚೆಗೆ ಕಳಿಸಿ. ಕಾರಿನ ಹಿಂದೆ ನಿಂತು ಡಿಕ್ಕಿ ತಡಕಾಡುವುದು ಅತ್ಯಂತ ಅಪಾಯದ ಜಾಗ. ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು, ಆದರೆ ವೇಗದ ಹೆದ್ದಾರಿಯಲ್ಲಿ ಅದನ್ನಿಡಲು ಹೋಗುವುದೇ ಅಪಾಯವೆನಿಸಿದರೆ ಬಿಟ್ಟುಬಿಡಿ, ದೂರ ನಿಂತು ಸಹಾಯಕ್ಕೆ ಕರೆ ಮಾಡಿ.

ಹಿಂದಿರುಗುವ ದಿನಕ್ಕೂ ಇದೇ ಕ್ರಮ. ಹೋಗುವಾಗಿನ ಉತ್ಸಾಹ ಆಗ ಇರುವುದಿಲ್ಲ, ನೆಂಟರ ಮನೆಯ ರಾತ್ರಿಗಳಲ್ಲಿ ಮಾತಿನ ಭರದಲ್ಲಿ ನಿದ್ದೆ ಕಡಿಮೆಯಾಗಿರುತ್ತದೆ, ಮರುದಿನದ ಕೆಲಸದ ಅವಸರ ತಲೆಯಲ್ಲಿರುತ್ತದೆ. ಹೊರಡುವ ಹಿಂದಿನ ಸಂಜೆ, ಟೈರ್ ತಣ್ಣಗಿರುವಾಗ, ಕಾರಿನ ಸುತ್ತ ಒಂದು ಸುತ್ತು ಬಂದು ಗಾಳಿ ನೋಡಿಸಿ, ಎಣ್ಣೆ ನೋಡಿ, ಗಾಜು ಒರೆಸಿ. ಆ ರಾತ್ರಿ ಓಡಿಸುವವರು ಎಲ್ಲರಿಗಿಂತ ಮೊದಲು ಎದ್ದುಹೋಗಿ ಮಲಗಲಿ.